ವೆನಿಸ್ ಗಣರಾಜ್ಯದ ಡ್ಯುಕಾಟ್: ಒಂದು ಸುವರ್ಣನಾಣ್ಯದ ಇತಿಹಾಸ

ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ಕಾಲೇಜಿನಲ್ಲಿ ಓದಿದವರಿಗೆಲ್ಲ ಮೂರು ಸಾವಿರ ಡ್ಯುಕಾಟುಗಳ ಸಾಲಪತ್ರದ ನೆನಪು ಇದ್ದೇ ಇರುತ್ತದೆ. ಆ ಮೊತ್ತವು ದೊಡ್ಡದೆಂಬುದನ್ನು ಓದುಗರು ಸಂದರ್ಭದಿಂದಲೇ ಊಹಿಸಿಕೊಳ್ಳುತ್ತಾರೆ. ಡ್ಯುಕಾಟ್ ಎಂತಹ ನಾಣ್ಯ, ಅದರ ತೂಕವೆಷ್ಟು, ಅದನ್ನು ಯಾರು ಯಾವ ಉದ್ದೇಶದಿಂದ ಟಂಕಿಸಿದರು ಎಂಬ ಪ್ರಶ್ನೆಗಳು ಮಾತ್ರ ಪಾಠದ ಅಡಿಟಿಪ್ಪಣಿಯ ಒಂದು ಸಾಲಿನಲ್ಲಿಯೇ ಮುಗಿದುಹೋಗುತ್ತವೆ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಅಷ್ಟಕ್ಕೆ ತೃಪ್ತರಾಗುವಂತಿಲ್ಲ. ಐದು ನೂರು ವರ್ಷಗಳಿಗೂ ಮೀರಿದ ಕಾಲ ತನ್ನ ತೂಕವನ್ನೂ ಶುದ್ಧಿಯನ್ನೂ ರೂಪವನ್ನೂ ಹೆಚ್ಚುಕಡಮೆ ಒಂದೇ ಪ್ರಕಾರವಾಗಿ ಉಳಿಸಿಕೊಂಡ ನಾಣ್ಯಗಳು ಪ್ರಪಂಚದ ಇತಿಹಾಸದಲ್ಲಿ ಅತ್ಯಂತ ವಿರಳ. ಈ ಸ್ಥಿರತೆಯು ಹೇಗೆ ಸಾಧ್ಯವಾಯಿತು, ಅದರಿಂದ ಲಾಭ ಪಡೆದವರು ಯಾರು, ಅದರಲ್ಲಿ ಪಾಲು ದೊರೆಯದವರು ಯಾರು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಚಿನ್ನದ ನಾಣ್ಯವನ್ನು ಹೊರಡಿಸುವುದರಲ್ಲಿ ವೆನಿಸ್ ಮುಂದಾಳಾಗಿರಲಿಲ್ಲ. ಇಟಲಿಯ ನಗರರಾಜ್ಯಗಳಲ್ಲಿ ಜಿನೋವಾ ಮತ್ತು ಫ್ಲಾರೆನ್ಸ್ ಎರಡೂ 1252ರಲ್ಲಿಯೇ ಸುವರ್ಣನಾಣ್ಯಗಳನ್ನು ಟಂಕಿಸಿದ್ದವು. ಫ್ಲಾರೆನ್ಸಿನ ಫ್ಲಾರಿನ್ ಪಶ್ಚಿಮ ಯೂರೋಪಿನಲ್ಲೆಲ್ಲ ಮನ್ನಣೆ ಪಡೆದಾಗ ವೆನಿಸ್ ಇನ್ನೂ ತನ್ನ ಬೆಳ್ಳಿಯ ಗ್ರೊಸ್ಸೊ ನಾಣ್ಯವನ್ನೇ ನೆಚ್ಚಿಕೊಂಡಿತ್ತು. ಎನ್ರಿಕೊ ದಾಂದೊಲೊ ಡೋಜ್ ಪದವಿಯಲ್ಲಿದ್ದಾಗ ಆರಂಭವಾದ ಈ ಗ್ರೊಸ್ಸೊ ಉತ್ತಮ ಬೆಳ್ಳಿಯದಾಗಿದ್ದು, ಪೂರ್ವ ಮೆಡಿಟರೇನಿಯನ್ ರೇವುಗಳಲ್ಲಿ ವಿಶ್ವಾಸಕ್ಕೆ ಪಾತ್ರವಾಗಿತ್ತು. ಚಿನ್ನ ಬೇಕಾದ ವ್ಯವಹಾರಗಳಲ್ಲಿ ಬಿಜಾಂಟಿಯಮ್ ಸಾಮ್ರಾಜ್ಯದ ಹೈಪರ್ಪೈರನ್ ನಾಣ್ಯವು ವೆನಿಸ್ಸಿನ ವರ್ತಕರ ಕೈಯಲ್ಲಿ ಓಡಾಡುತ್ತಿತ್ತು. ಆದರೆ 1261ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಮರಳಿ ಪಡೆದ ಎಂಟನೆಯ ಮೈಕೇಲ್ ಚಕ್ರವರ್ತಿಯ ಕಾಲದಲ್ಲಿ ಆ ನಾಣ್ಯದ ಚಿನ್ನಕ್ಕೆ ಬೆರಕೆ ಹೆಚ್ಚುತ್ತ ಬಂದಿತು. ಅನ್ಯರ ನಾಣ್ಯವನ್ನು ಇನ್ನು ನಂಬಿ ಕುಳಿತಿರುವುದು ಕ್ಷೇಮವಲ್ಲವೆಂಬುದು ವೆನಿಸ್ಸಿಗೆ ಮನವರಿಕೆಯಾಯಿತು.

1284ನೆಯ ಅಕ್ಟೋಬರ್ 31ರಂದು ಗಣರಾಜ್ಯದ ಮಹಾಸಭೆಯು ಚಿನ್ನದ ನಾಣ್ಯವನ್ನು ಹೊರಡಿಸಲು ನಿರ್ಣಯ ಕೈಗೊಂಡಿತು. ಒಂದು ಮಾರ್ಕ್ ತೂಕದ ಚಿನ್ನದಿಂದ 67 ನಾಣ್ಯಗಳನ್ನು ಟಂಕಿಸಬೇಕು, ಚಿನ್ನವು ಫ್ಲಾರಿನ್ನಿನಷ್ಟೇ ಉತ್ತಮವಾಗಿರಬೇಕು, ಸಾಧ್ಯವಾದರೆ ಅದಕ್ಕಿಂತಲೂ ಮೇಲಾಗಿರಬೇಕು ಎಂಬುದು ಆ ನಿರ್ಣಯದ ತಿರುಳು. ಈ ಲೆಕ್ಕದಂತೆ ಒಂದೊಂದು ನಾಣ್ಯವೂ ಸುಮಾರು ಮೂರೂವರೆ ಗ್ರಾಂ ತೂಗುತ್ತಿತ್ತು. ಅಂದಿನ ರಸವಿದ್ಯೆಯಿಂದ ಎಷ್ಟು ಪುಟವಿಡಲು ಸಾಧ್ಯವೋ ಅಷ್ಟು ಶುದ್ಧವಾದ ಅಪರಂಜಿ ಚಿನ್ನ ಅದರಲ್ಲಿತ್ತು. ಷೇಕ್ಸ್‌ಪಿಯರನ ಮೂರು ಸಾವಿರ ಡ್ಯುಕಾಟುಗಳು ಇಂತಹ ಚಿನ್ನದ ನಾಣ್ಯಗಳೇ ಆಗಿದ್ದಲ್ಲಿ ಅವುಗಳ ಒಟ್ಟು ತೂಕ ಹತ್ತು ಕಿಲೋಗ್ರಾಮಿಗೂ ಮೀರುತ್ತದೆ. 1285ರಲ್ಲಿ ಜೊವಾನ್ನಿ ದಾಂದೊಲೊ ಡೋಜ್ ಆಗಿದ್ದಾಗ ಮೊದಲ ನಾಣ್ಯಗಳು ಹೊರಬಿದ್ದವು.

ನಾಣ್ಯದ ಒಂದು ಮುಖದಲ್ಲಿ ನಗರದ ರಕ್ಷಕನಾದ ಸಂತ ಮಾರ್ಕನು ನಿಂತಿದ್ದಾನೆ. ಮೊಣಕಾಲೂರಿದ ಡೋಜನಿಗೆ ಧ್ವಜವೊಂದನ್ನು ನೀಡುತ್ತಿದ್ದಾನೆ. ಇಬ್ಬರ ನಡುವೆ ಧ್ವಜದಂಡವು ನೆಟ್ಟಗೆ ನಿಂತಿದೆ. ಮತ್ತೊಂದು ಮುಖದಲ್ಲಿ ಬಾದಾಮಿಯಾಕಾರದ ಪ್ರಭಾವಳಿಯೊಳಗೆ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತನ ರೂಪವಿದೆ. ‘ನೀನಾಳುವ ಈ ಡಚಿಯು ನಿನಗೇ ಅರ್ಪಿತವಾಗಲಿ’ ಎಂಬ ಅರ್ಥದ ಲ್ಯಾಟಿನ್ ಬರಹವನ್ನು ಸುತ್ತಲೂ ಕೊರೆಯಲಾಗಿದೆ. ಡಚಿಯೆಂಬ ಅರ್ಥದ ‘ಡುಕಾಟುಸ್’ ಶಬ್ದವು ಈ ಬರಹದಲ್ಲಿಯೇ ಬರುತ್ತದೆ. ಆದರೆ ಡ್ಯುಕಾಟ್ ಎಂಬ ಹೆಸರು ವೆನಿಸ್ಸಿನಲ್ಲಿ ಹುಟ್ಟಿದುದಲ್ಲ. ಸಿಸಿಲಿಯ ದೊರೆ ಎರಡನೆಯ ರೋಜರ್ 1140ರಲ್ಲಿ ಹೊರಡಿಸಿದ ಬೆಳ್ಳಿಯ ನಾಣ್ಯಕ್ಕೆ ಅದೇ ಹೆಸರಿತ್ತು. ವೆನಿಸ್ಸಿನ ಚಿನ್ನದ ನಾಣ್ಯಕ್ಕೆ ಮುಂದೆ ‘ಜೆಕ್ಕಿನೊ’ ಎಂಬ ಇನ್ನೊಂದು ಹೆಸರೂ ಬಂದಿತು. ಇದು ಕಮ್ಮಟ ಎಂಬರ್ಥದ ‘ಜೆಕ್ಕ’ ಶಬ್ದದಿಂದ ಬಂದುದು; ಜೆಕ್ಕ ಎಂಬುದಾದರೋ ಅರಬ್ಬಿಯ ‘ಸಿಕ್ಕ’ ಶಬ್ದದಿಂದ ಬಂದುದು. ನಮ್ಮ ನಾಡಿನ ‘ಸಿಕ್ಕಾ ರೂಪಾಯಿ’ಯಲ್ಲಿ ಕಾಣುವ ಸಿಕ್ಕವೂ ಇದೇ ಆಗಿದೆ.

ಈ ನಾಣ್ಯದ ವಿಶೇಷವೆಲ್ಲ ಅದರ ಬದಲಾಗದ ಗುಣದಲ್ಲಿ ಅಡಗಿದೆ. ಡೋಜ್ ಬದಲಾದಾಗ ಹೆಸರು ಬದಲಾಗುತ್ತಿತ್ತು; ಅಕ್ಷರಗಳ ಆಕಾರದಲ್ಲಿ, ನಕ್ಷತ್ರಗಳ ಸಂಖ್ಯೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಉಂಟಾಗುತ್ತಿತ್ತು. 16ನೆಯ ಶತಮಾನದಲ್ಲಿ ತೂಕವು ಶೇಕಡ ಎರಡನ್ನು ಮೀರದಷ್ಟು ಇಳಿಯಿತು. ಉಳಿದಂತೆ 13ನೆಯ ಶತಮಾನದ ಅದೇ ಬಿಜಾಂಟಿಯಮ್ ಮಾದರಿಯ ಬಿಗಿಯಾದ ಪ್ರತಿಮೆಗಳು 18ನೆಯ ಶತಮಾನದ ಕೊನೆಯವರೆಗೂ ಉಳಿದುಬಂದವು. ಬೆಲ್ಲಿನಿಯೂ ಟಿಷಿಯನ್ನನೂ ಚಿತ್ರಕಲೆಯ ಸ್ವರೂಪವನ್ನೇ ಮಾರ್ಪಡಿಸಿದ ನಗರವದು. ಯಾಕೊಪೊ ಸಾನ್ಸೊವಿನೊ ಎಂಬ ಶಿಲ್ಪಿ 1536ರಿಂದ ಕಟ್ಟಿದ ಭವ್ಯವಾದ ಹೊಸ ಕಮ್ಮಟದೊಳಗೂ ಹಳೆಯ ನಮೂನೆಯ ಅಚ್ಚುಗಳೇ ಕೆಲಸ ಮಾಡುತ್ತಿದ್ದವು. ಇದಕ್ಕೆ ಕುಶಲಿಗಳ ಅಭಾವವು ಕಾರಣವಲ್ಲ. ವಿದೇಶದ ಚಿನಿವಾರನು ಲ್ಯಾಟಿನ್ ಅರಿಯನು, ಡೋಜನ ಹೆಸರನ್ನು ಕೇಳಿಲ್ಲ. ಅವನು ಗುರುತಿಸುವುದು ಕಣ್ಣಿಗೆ ಪರಿಚಿತವಾದ ಆಕೃತಿಯನ್ನು. ಆಕೃತಿ ಬದಲಾದರೆ ಅವನು ಪ್ರತಿಯೊಂದು ನಾಣ್ಯವನ್ನೂ ಒರೆಗಲ್ಲಿಗೆ ತೀಡಿ ನೋಡತೊಡಗುತ್ತಾನೆ. ಆದುದರಿಂದ ನಾಣ್ಯದ ಅಂದಕ್ಕಿಂತ ಅದರ ಗುರುತು ಮುಖ್ಯವೆಂದು ವೆನಿಸ್ಸಿನ ಆಡಳಿತವು ಬಗೆಯಿತೆನ್ನಬೇಕು.

ಈ ಎಚ್ಚರಿಕೆಯ ಫಲವನ್ನು ಈಜಿಪ್ಟಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಮೆಣಸು, ಶುಂಠಿ ಮೊದಲಾದ ಪೂರ್ವದೇಶದ ಸರಕುಗಳನ್ನು ವೆನಿಸ್ಸಿನವರು ಕೊಳ್ಳುತ್ತಿದ್ದುದು ಅಲೆಗ್ಸಾಂಡ್ರಿಯದಲ್ಲಿ. ಹಂಗೆರಿಯ ಗಣಿಗಳ ಚಿನ್ನವು ವೆನಿಸ್ಸಿಗೆ ಬಂದು, ಕಮ್ಮಟದಲ್ಲಿ ಡ್ಯುಕಾಟಾಗಿ, ಹಡಗಿನಲ್ಲಿ ನೈಲ್ ನದಿಯ ಮುಖಕ್ಕೆ ಸಾಗುತ್ತಿತ್ತು. 1418ರಲ್ಲಿ ತೀರಿಕೊಂಡ ಅಲ್-ಕಲ್ಕಶಂದಿ ಎಂಬ ಈಜಿಪ್ಟಿನ ವಿದ್ವಾಂಸನು ಫ್ರಾಂಕರ ನಾಡಿನಿಂದ ಬರುವ, ಮನುಷ್ಯರೂಪಗಳನ್ನುಳ್ಳ ಇಂತಹ ನಾಣ್ಯಗಳನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅರಬ್ಬಿಯಲ್ಲಿ ಇವಕ್ಕೆ ‘ಮುಶಖ್ಖಸ್’ ಎಂಬ ಹೆಸರೂ ಇತ್ತು. ರೂಪವನ್ನುಳ್ಳದ್ದು ಎಂದು ಅದರ ಅರ್ಥ. ಮಾಮ್ಲೂಕ್ ಸುಲ್ತಾನ ಅಲ್-ಅಶ್ರಫ್ ಬರ್ಸಬಾಯ್ 1425ರಲ್ಲಿ ತನ್ನದೇ ಆದ ಚಿನ್ನದ ನಾಣ್ಯವನ್ನು ಹೊರಡಿಸಿದಾಗ ಡ್ಯುಕಾಟಿಗೆ ಸಮೀಪವಾದ ತೂಕವನ್ನು ಇರಿಸಿಕೊಂಡನು. ಅದೇ ‘ಅಶ್ರಫಿ’. ಆಟೊಮನ್ ತುರ್ಕರ ಎರಡನೆಯ ಮೆಹಮದ್ ಸುಮಾರು 1477ರಲ್ಲಿ ಹೊರಡಿಸಿದ ‘ಸುಲ್ತಾನಿ’ಯೂ ಅದೇ ಪ್ರಮಾಣದ್ದು. ವೆನಿಸ್ಸಿನೊಡನೆ ಹದಿನಾರು ವರ್ಷ ಯುದ್ಧ ಮಾಡಿದ ದೊರೆಯೇ ತೂಕದಲ್ಲಿ ವೆನಿಸ್ಸನ್ನು ಅನುಸರಿಸಿದುದು ಗಮನಾರ್ಹವಾಗಿದೆ.

ಅಲೆಗ್ಸಾಂಡ್ರಿಯದಿಂದ ಕೆಂಪು ಸಮುದ್ರದ ಮಾರ್ಗವಾಗಿ ಡ್ಯುಕಾಟ್ ಭಾರತವನ್ನು ತಲಪಿತು. ಮೆಣಸು ಎಲ್ಲಿಂದ ಹೊರಡುತ್ತಿತ್ತೋ ಅಲ್ಲಿಗೇ ಚಿನ್ನವು ಬಂದು ಸೇರುವುದು ಸಹಜವಷ್ಟೆ. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ ನಿಕೊಲೊ ಕೊಂತಿಯು ವೆನಿಸ್ ಗಣರಾಜ್ಯದ ಪ್ರಜೆ. ಪೋಜಿಯೊ ಬ್ರಾಚ್ಚೊಲೀನಿಯು ಬರೆದಿಟ್ಟ ಅವನ ವೃತ್ತಾಂತದಲ್ಲಿ, ಭಾರತದ ಕೆಲವು ಭಾಗಗಳಲ್ಲಿ ವೆನಿಸ್ಸಿನ ಡ್ಯುಕಾಟುಗಳು ಚಲಾವಣೆಯಲ್ಲಿದ್ದುವೆಂಬ ಹೇಳಿಕೆಯಿದೆ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. ಡ್ಯುಕಾಟಿನ ತೂಕಕ್ಕೆ ಇದು ಸಮೀಪವಾದರೂ ಇದನ್ನು ಅನುಕರಣವೆಂದು ಭಾವಿಸಲಾಗದು. ವರಹವು ದಕ್ಷಿಣದ ಗದ್ಯಾಣ ಪರಂಪರೆಗೆ ಸೇರಿದ್ದು. ಆದರೂ ಈ ಸಾಮೀಪ್ಯದಿಂದ ಚಿನಿವಾರರ ಲೆಕ್ಕಾಚಾರವು ಸುಗಮವಾಗಿದ್ದಿರಬೇಕು. 16ನೆಯ ಶತಮಾನದ ಕೊನೆಯಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್ ಅಲ್ಲಿ ಓಡಾಡುತ್ತಿದ್ದ ನಾಣ್ಯಗಳನ್ನು ಹೆಸರಿಸುವಾಗ ವೆನಿಸ್ಸಿನ ನಾಣ್ಯಗಳನ್ನೂ ಸೇರಿಸಿದ್ದಾನೆ.

ದಕ್ಷಿಣ ಭಾರತದ ಜನರು ಈ ನಾಣ್ಯವನ್ನು ತಮ್ಮದೇ ರೀತಿಯಲ್ಲಿ ಓದಿಕೊಂಡರು. ಮಲಬಾರು ಮತ್ತು ತಮಿಳು ಸೀಮೆಗಳಲ್ಲಿ ಸಂತನಿಗೂ ಡೋಜನಿಗೂ ನಡುವಣ ಧ್ವಜದಂಡವು ತಾಳೆಯ ಮರವಾಗಿ, ಪಕ್ಕದಲ್ಲಿರುವವನು ಕಳ್ಳಿಳಿಸಲು ಮರ ಹತ್ತುವ ಶಾನಾರನಾಗಿ ಕಂಡನು. ನಾಣ್ಯಕ್ಕೆ ‘ಶಾನಾರ್ ಕಾಸು’ ಎಂಬ ಹೆಸರಾಯಿತು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದ ಉತ್ತರ ಭಾಗದಲ್ಲಿಯೂ ಅದು ‘ಪುತಳಿ’ ಎನಿಸಿಕೊಂಡಿತು. ಪುತ್ಥಳಿ ಎಂದರೆ ಪ್ರತಿಮೆ. ಈಜಿಪ್ಟಿನವರು ‘ಮುಶಖ್ಖಸ್’ ಎಂದುದಕ್ಕೂ ನಮ್ಮವರು ‘ಪುತಳಿ’ ಎಂದುದಕ್ಕೂ ಅರ್ಥ ಒಂದೇ ಆಗಿರುವುದನ್ನು ಇಲ್ಲಿ ಗಮನಿಸಬೇಕು. ಬರಹವನ್ನು ಓದಲಾಗದವರು ಎರಡೂ ಕಡೆ ರೂಪವನ್ನೇ ಹಿಡಿದು ಹೆಸರಿಟ್ಟರು. ಹೆಂಗಸರ ಕೊರಳಿನ ಪುತಳಿ ಸರದ ಮೂಲವು ಈ ವೆನಿಸ್ಸಿನ ನಾಣ್ಯದಲ್ಲಿದೆ. ಮುಂದೆ ಸ್ಥಳೀಯ ಅಕ್ಕಸಾಲಿಗರು ಒಡವೆಗಾಗಿ ಇದನ್ನು ಅನುಕರಿಸಿದರು. ಅಂತಹ ಪ್ರತಿಗಳಲ್ಲಿ ಲ್ಯಾಟಿನ್ ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿವೆ, ಆದರೆ ಎರಡು ಆಕೃತಿಗಳೂ ನಡುವಣ ದಂಡವೂ ತಪ್ಪದೆ ಉಳಿದಿವೆ.

ಇಲ್ಲಿಯವರೆಗೆ ಹೇಳಿದುದು ಡ್ಯುಕಾಟಿನ ಕೀರ್ತಿಯ ಕಥೆ. ಇದಕ್ಕೆ ಇನ್ನೊಂದು ಮಗ್ಗುಲಿದೆ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸ್ಥಾನ ದೊರೆಯುವುದು ಕಡಮೆ. ವೆನಿಸ್ಸಿನ ಕಮ್ಮಟವು ಚಿನ್ನವನ್ನು ಮಾತ್ರ ಟಂಕಿಸುತ್ತಿರಲಿಲ್ಲ. ನಗರದ ಅಂಗಡಿ ಬೀದಿಗಳಲ್ಲಿಯೂ ಕೂಲಿಯ ಬಟವಾಡೆಯಲ್ಲಿಯೂ ನಡೆಯುತ್ತಿದ್ದುದು ಸೊಲ್ದೊ ಮೊದಲಾದ ಸಣ್ಣ ಹಣ. ಆರ್ಸೆನಲ್ ಎಂಬ ಪ್ರಸಿದ್ಧ ನೌಕಾನಿರ್ಮಾಣಶಾಲೆಯ ಕೆಲಸಗಾರನ ದಿನಗೂಲಿಯನ್ನು ಎಣಿಸುತ್ತಿದ್ದುದು ಸೊಲ್ದೊಗಳಲ್ಲಿ. 1328ರಲ್ಲಿ ಒಂದು ಡ್ಯುಕಾಟಿಗೆ 64 ಸೊಲ್ದೊ ಎಂದು ನಿಗದಿಯಾಗಿತ್ತು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಅದು 124 ಸೊಲ್ದೊ ಆಯಿತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ಚಿನ್ನದ ನಾಣ್ಯಕ್ಕೆ 22 ಲೀರಾ, ಅಂದರೆ 440 ಸೊಲ್ದೊ ಕೊಡಬೇಕಾಯಿತು. ಚಿನ್ನದ ನಾಣ್ಯವು ನಿಂತಲ್ಲಿಯೇ ನಿಂತಿತ್ತು. ಅದರ ಅಳತೆಯಲ್ಲಿ ಸೊಲ್ದೊವಿನ ಬೆಲೆ ಏಳನೆಯ ಒಂದು ಪಾಲಿಗೆ ಇಳಿದಿತ್ತು.

ಈ ಇಳಿತಕ್ಕೆಲ್ಲ ಸರಕಾರವೇ ಹೊಣೆಯೆಂದು ಹೇಳುವುದು ಸರಿಯಾಗಲಾರದು. ಚಿನ್ನಕ್ಕೂ ಬೆಳ್ಳಿಗೂ ಇರುವ ಬೆಲೆಯ ಪ್ರಮಾಣವು ಕಾಲಕಾಲಕ್ಕೆ ಬದಲಾಗುತ್ತಿತ್ತು. ಸವೆದ ಹಳೆಯ ನಾಣ್ಯಗಳ ನಡುವೆ ತುಂಬು ತೂಕದ ಹೊಸ ನಾಣ್ಯವನ್ನು ಹೊರಡಿಸಿದರೆ ಅದು ನಿಲ್ಲುತ್ತಿರಲಿಲ್ಲ. ಆದರೆ ಸಣ್ಣ ನಾಣ್ಯದ ಬೆಳ್ಳಿಯನ್ನು ಬುದ್ಧಿಪೂರ್ವಕವಾಗಿ ಕಡಮೆ ಮಾಡಿದ ಸಂದರ್ಭಗಳೂ ಹಲವಿವೆ. 1353ರಲ್ಲಿ ಕ್ರೀಟ್ ಮುಂತಾದ ಗ್ರೀಕ್ ವಸಾಹತುಗಳಿಗಾಗಿ ‘ತೊರ್ನೆಸೆಲ್ಲೊ’ ಎಂಬ ನಾಣ್ಯವನ್ನು ಹೊರಡಿಸಲಾಯಿತು. ಅದರಲ್ಲಿ ಬಹುಪಾಲು ತಾಮ್ರವೇ. ಅದರ ಟಂಕನೆಯಿಂದ ಗಣರಾಜ್ಯಕ್ಕೆ ಒಳ್ಳೆಯ ಆದಾಯವಿತ್ತು. ಅಲೆಗ್ಸಾಂಡ್ರಿಯದ ವರ್ತಕನಿಗೆ ಅಪರಂಜಿ, ಕ್ರೀಟಿನ ರೈತನಿಗೆ ತಾಮ್ರ: ಎರಡೂ ಒಂದೇ ಕಮ್ಮಟದ ಸೃಷ್ಟಿ. ಅಲೆಗ್ಸಾಂಡ್ರಿಯದ ವರ್ತಕನು ನಾಣ್ಯ ಕೆಟ್ಟರೆ ಅದನ್ನು ನಿರಾಕರಿಸಿ ಫ್ಲಾರಿನ್ನನ್ನು ಕೇಳಬಲ್ಲವನಾಗಿದ್ದನು. ಕ್ರೀಟಿನ ರೈತನಿಗೂ ಆರ್ಸೆನಲಿನ ಕೂಲಿಗಾರನಿಗೂ ಆ ಸ್ವಾತಂತ್ರ್ಯವಿರಲಿಲ್ಲ. ನಾಣ್ಯದ ಶುದ್ಧಿಯು ಅದನ್ನು ಟಂಕಿಸಿದವರ ಸದ್ಗುಣವನ್ನಷ್ಟೇ ಅಲ್ಲದೆ ಪಡೆಯುವವರ ಬಲವನ್ನೂ ಅವಲಂಬಿಸಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಸಣ್ಣ ಹಣ ಮತ್ತು ಚಿನ್ನದ ನಡುವಣ ಈ ಬಿರುಕು ಕೊನೆಗೆ ಹೆಸರನ್ನೂ ಸೀಳಿತು. 124 ಸೊಲ್ದೊಗಳ ಲೆಕ್ಕಕ್ಕೆ ‘ಡ್ಯುಕಾಟ್’ ಎಂಬ ಹೆಸರು ಅಂಟಿಕೊಂಡುಬಿಟ್ಟಿತ್ತು. 16ನೆಯ ಶತಮಾನದಲ್ಲಿ ಚಿನ್ನದ ನಾಣ್ಯದ ಬೆಲೆ ಅದನ್ನು ಮೀರಿ ಏರಿದಾಗ, ಡ್ಯುಕಾಟ್ ಎಂಬುದು ಲೆಕ್ಕಪುಸ್ತಕದ ಮಾನವಾಗಿ ಉಳಿಯಿತು. ಚಿನ್ನದ ನಾಣ್ಯವು ಜೆಕ್ಕಿನೊ ಎನಿಸಿತು. 1562ರಲ್ಲಿ ಡ್ಯುಕಾಟ್ ಎಂಬ ಹೆಸರಿನ ಬೆಳ್ಳಿಯ ನಾಣ್ಯವೇ ಹೊರಬಿದ್ದಿತು. ಷೇಕ್ಸ್‌ಪಿಯರನು ನಾಟಕ ಬರೆದುದು ಆ ಶತಮಾನದ ಕೊನೆಯ ದಶಕದಲ್ಲಿ. ಅಂದಿನ ವೆನಿಸ್ಸಿನಲ್ಲಿ ಮೂರು ಸಾವಿರ ಡ್ಯುಕಾಟ್ ಎಂದರೆ ಮೂರು ಸಾವಿರ ಚಿನ್ನದ ನಾಣ್ಯಗಳೆಂದು ಅರ್ಥವಾಗುತ್ತಿರಲಿಲ್ಲ. ಹತ್ತು ಕಿಲೋಗ್ರಾಮೆಂದು ಮೇಲೆ ಮಾಡಿದ ನಮ್ಮ ಲೆಕ್ಕವನ್ನು ಪಾಠ ಹೇಳುವವರು ಈ ಎಚ್ಚರಿಕೆಯೊಡನೆಯೇ ಬಳಸಬೇಕು.

ವೆನಿಸ್ಸಿನ ಹೊರಗೆ ಡ್ಯುಕಾಟ್ ಎಂಬ ಹೆಸರು ಚಿನ್ನದೊಡನೆಯೇ ಉಳಿಯಿತು. 1559ರ ಔಗ್ಸ್‌ಬರ್ಗ್ ಶಾಸನವು ಅದನ್ನು ಪವಿತ್ರ ರೋಮನ್ ಸಾಮ್ರಾಜ್ಯದ ಅಧಿಕೃತ ಚಿನ್ನದ ನಾಣ್ಯವನ್ನಾಗಿ ಮಾಡಿತು. 1586ರಿಂದ ಡಚ್ಚರು ತಮ್ಮ ಡ್ಯುಕಾಟನ್ನು ಟಂಕಿಸಿದರು. ಬಾಣಗಳ ಕಟ್ಟನ್ನು ಹಿಡಿದು ನಿಂತ ಯೋಧನ ಚಿತ್ರವುಳ್ಳ ಆ ನಾಣ್ಯವು ಬಾಲ್ಟಿಕ್ ತೀರದಲ್ಲಿಯೂ ರಷ್ಯದಲ್ಲಿಯೂ ಪ್ರಚಾರ ಪಡೆಯಿತು. ಮೂಲವಾದ ಗಣರಾಜ್ಯವು 1797ನೆಯ ಮೇ 12ರಂದು ನೆಪೋಲಿಯನ್ನನ ಸೇನೆಯ ಬೆದರಿಕೆಗೆ ಮಣಿದು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಲುದೊವಿಕೊ ಮಾನಿನ್ ಕೊನೆಯ ಡೋಜ್. ನಗರವು ಆಸ್ಟ್ರಿಯದ ವಶವಾದ ಮೇಲೆಯೂ ಕೆಲವು ಕಾಲ ಅದೇ ಸಂತ ಮಾರ್ಕನ ಜೆಕ್ಕಿನೊ ಹೊರಬರುತ್ತಿತ್ತು. ಡೋಜನ ಹೆಸರಿನ ಸ್ಥಾನದಲ್ಲಿ ಚಕ್ರವರ್ತಿ ಎರಡನೆಯ ಫ್ರಾನ್ಸಿಸನ ಹೆಸರಿತ್ತು, ಅಷ್ಟೇ ವ್ಯತ್ಯಾಸ. ರಾಜ್ಯವು ಅಳಿದರೂ ಪೂರ್ವದೇಶದ ಪೇಟೆಗಳು ಆ ಗುರುತನ್ನೇ ಅಪೇಕ್ಷಿಸುತ್ತಿದ್ದವು.

ಒಂದು ನಾಣ್ಯವನ್ನು ಪರೀಕ್ಷಿಸುವಾಗ ಅದರ ಮೇಲಣ ಬರಹ, ತೂಕ, ಶುದ್ಧಿಗಳನ್ನು ನಾವು ಮೊದಲು ನೋಡುತ್ತೇವೆ. ಅದು ಯುಕ್ತವೂ ಹೌದು. ಆದರೆ ಡ್ಯುಕಾಟಿನ ಇತಿಹಾಸವು ಇನ್ನೊಂದು ಪ್ರಶ್ನೆಯನ್ನು ಕೇಳಲು ನಮ್ಮನ್ನು ಪ್ರೇರಿಸುತ್ತದೆ: ಅದೇ ಕಾಲದಲ್ಲಿ, ಅದೇ ಕಮ್ಮಟದಿಂದ ಹೊರಬಿದ್ದ ಸಣ್ಣ ನಾಣ್ಯದ ಸ್ಥಿತಿ ಏನಾಗಿತ್ತು? ವಸ್ತುಪ್ರದರ್ಶನಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಜೆಕ್ಕಿನೊದ ಪಕ್ಕದಲ್ಲಿ ಕಪ್ಪಾಗಿ ಸವೆದ ತೊರ್ನೆಸೆಲ್ಲೊವನ್ನೂ ಇಟ್ಟು ನೋಡುವುದಾದರೆ ವೆನಿಸ್ಸಿನ ಆರ್ಥಿಕ ಇತಿಹಾಸವು ನಮಗೆ ಇನ್ನಷ್ಟು ಸಮಗ್ರವಾಗಿ ಗೋಚರಿಸುತ್ತದೆ. ನಮ್ಮ ನಾಡಿನ ವರಹ, ಹಣ, ಕಾಸುಗಳ ಅಧ್ಯಯನದಲ್ಲಿಯೂ ವಿದ್ಯಾರ್ಥಿಗಳು ಇದೇ ಕ್ರಮವನ್ನು ಅನುಸರಿಸಬಹುದೆಂಬುದು ನಮ್ಮ ಸೂಚನೆ.