ನಿರ್ವಾತಕ್ಕೆ ಗೋಡೆ ಕಟ್ಟಿದಾಗ

ಉತ್ತೇಜಿತ ಪರಮಾಣು ತಾನಾಗಿಯೇ ಬೆಳಕನ್ನು ಹೊರಸೂಸಿ ಕೆಳಮಟ್ಟಕ್ಕಿಳಿಯುತ್ತದೆ. ಹೀಗಿಳಿಯಲು ಅದಕ್ಕೆ ಹಿಡಿಯುವ ಸರಾಸರಿ ಕಾಲವನ್ನು ಕೋಷ್ಟಕಗಳಲ್ಲಿ ನೀವು ನೋಡಿರುತ್ತೀರಿ. ಅದು ಪರಮಾಣುವಿನ ಸ್ವಂತ ಗುಣವೆಂದು ತರಗತಿಯಲ್ಲಿ ಹೇಳಿಯೂ ಇರಬಹುದು. ಆದರೆ ಆ ಮಾತು ಪೂರ್ತಿ ನಿಜವಲ್ಲ.

ಕ್ವಾಂಟಮ್ ಸಿದ್ಧಾಂತದ ಪ್ರಕಾರ ನಿರ್ವಾತ ಬರಿದಲ್ಲ. ಅಲ್ಲಿಯೂ ವಿದ್ಯುತ್ಕಾಂತ ಕ್ಷೇತ್ರದ ಏರಿಳಿತಗಳಿರುತ್ತವೆ. ಪರಮಾಣುವನ್ನು ಕೆಳಗಿಳಿಸುವುದು ಇವೇ ಎಂಬುದು ರೂಢಿಯ ವಿವರಣೆ. (ಪರಮಾಣುವಿನದೇ ಕ್ಷೇತ್ರಕ್ಕೂ ಇದರಲ್ಲಿ ಪಾಲುಂಟು, ಸದ್ಯಕ್ಕೆ ಅದನ್ನು ಬದಿಗಿಡೋಣ.) ಲೋಹದ ಗೋಡೆಗಳ ಕುಹರದಲ್ಲಿ ಎಲ್ಲ ಅಲೆಗಳಿಗೂ ಎಡೆಯಿಲ್ಲ. ಹಾಗಾದರೆ ಅಲ್ಲಿ ಉತ್ಸರ್ಜನೆಯ ದರವೂ ಬದಲಾಗಬೇಕಲ್ಲವೆ?

ಬದಲಾಗುತ್ತದೆ ಎಂದು 1946ರಲ್ಲಿ ಎಡ್ವರ್ಡ್ ಪರ್ಸೆಲ್ ಒಂದು ಪುಟ್ಟ ಟಿಪ್ಪಣಿಯಲ್ಲಿ ತೋರಿಸಿದರು. ರೇಡಿಯೊ ಆವೃತ್ತಿಯಲ್ಲಿ ನ್ಯೂಕ್ಲಿಯಸ್ಸುಗಳು ಸ್ವಯಂ ಉತ್ಸರ್ಜನೆಯೊಂದರಿಂದಲೇ ಉಷ್ಣ ಸಮಸ್ಥಿತಿ ತಲುಪಲು 5×10²¹ ಸೆಕೆಂಡು ಬೇಕು. ಇದು ವಿಶ್ವದ ವಯಸ್ಸಿನ ಸುಮಾರು ಹತ್ತು ಸಾವಿರ ಪಟ್ಟು! ಸೂಕ್ಷ್ಮ ಲೋಹಕಣಗಳನ್ನು ಬೆರೆಸಿ ಅನುರಣನ ಒದಗಿಸಿದರೆ ಕೆಲವು ನಿಮಿಷ ಸಾಕು ಎಂದು ಅವರು ಲೆಕ್ಕ ಹಾಕಿದ್ದರು.

ಪ್ಯಾರಿಸ್ಸಿನಲ್ಲಿ ಸರ್ಜ್ ಅರೋಶ್ ತಂಡ 1983ರಲ್ಲಿ ಅತಿವಾಹಕ ಕುಹರದೊಳಗೆ ಸೋಡಿಯಮ್ ಪರಮಾಣುಗಳ ಉತ್ಸರ್ಜನೆಯನ್ನು ಸುಮಾರು 500 ಪಟ್ಟು ಹೆಚ್ಚಿಸಿತು.

ಉತ್ಸರ್ಜನೆಯನ್ನು ತಡೆಯುವುದು ಇನ್ನೂ ಕಷ್ಟ. ಪರಮಾಣುವಿಗೆ ಕೆಳಗಿಳಿಯಲು ಒಂದು ದಾರಿ ತೆರೆದಿದ್ದರೂ ಸಾಕು, ಪ್ರಯೋಗ ಕೆಡುತ್ತದೆ. ಎಂ.ಐ.ಟಿ.ಯಲ್ಲಿ ಹ್ಯೂಲೆಟ್, ಹಿಲ್ಫರ್ ಮತ್ತು ಕ್ಲೆಪ್ನರ್ 1985ರಲ್ಲಿ ಸೀಸಿಯಮ್ ಪರಮಾಣುವಿನ 22ನೆಯ ಮಟ್ಟದ ವೃತ್ತಾಕಾರ ಸ್ಥಿತಿಯನ್ನು ಆರಿಸಿಕೊಂಡರು. ಅಲ್ಲಿಂದ 21ಕ್ಕೆ ಇಳಿಯುವುದೊಂದೇ ದಾರಿ. ಆಗ ಹೊಮ್ಮುವ ಅಲೆಯ ಉದ್ದ ಸುಮಾರು 0.45 ಮಿಲಿಮೀಟರ್. ಸುಮಾರು 0.23 ಮಿಲಿಮೀಟರ್ ಅಂತರದ ಎರಡು ಲೋಹದ ತಟ್ಟೆಗಳ ನಡುವೆ ಈ ಪರಮಾಣುಗಳನ್ನು ಹಾಯಿಸಿದರು. ತಟ್ಟೆಗಳಿಗೆ ಸಮಾಂತರವಾದ ವಿದ್ಯುತ್ ಕ್ಷೇತ್ರವುಳ್ಳ ಅಲೆಯ ಅರ್ಧ ಉದ್ದ ಈ ಅಂತರವನ್ನು ಮೀರಿದರೆ ಅದಕ್ಕೆ ಅಲ್ಲಿ ಜಾಗವಿಲ್ಲ. (ಲಂಬ ಕ್ಷೇತ್ರದ ಅಲೆಗೆ ಈ ಕಟ್ಟುಪಾಡಿಲ್ಲ. ಆದ್ದರಿಂದ ಎಲೆಕ್ಟ್ರಾನಿನ ಕಕ್ಷೆ ತಟ್ಟೆಗಳಿಗೆ ಸಮಾಂತರವಾಗಿರಬೇಕಿತ್ತು.) ತಟ್ಟೆಗಳನ್ನು ಅಲುಗಿಸದೆ, ಅವುಗಳ ನಡುವೆ ವೋಲ್ಟೇಜ್ ಒಡ್ಡಿ ಅಲೆಯುದ್ದವನ್ನೇ ತುಸುತುಸು ಬದಲಿಸಿದ್ದು ಅವರ ಜಾಣ್ಮೆ. ಮಿತಿ ದಾಟಿದೊಡನೆ ಉತ್ಸರ್ಜನೆ ಥಟ್ಟನೆ ನಿಂತಿತು. ಆಯುಸ್ಸು ಕನಿಷ್ಠ 20 ಪಟ್ಟು ಹೆಚ್ಚಿತು.

ಯೇಲ್ ವಿಶ್ವವಿದ್ಯಾನಿಲಯದಲ್ಲಿ 1987ರಲ್ಲಿ ಕನ್ನಡಿಗಳ ಅಂತರ 1.1 ಮೈಕ್ರೊಮೀಟರಿಗೆ ಇಳಿಯಿತು. ಅವುಗಳ ನಡುವೆ ಸಾಗಿದ ಉತ್ತೇಜಿತ ಸೀಸಿಯಮ್ ಪರಮಾಣುಗಳು ತಮ್ಮ ಸಹಜ ಆಯುಸ್ಸಿನ 13 ಪಟ್ಟು ಕಾಲ ಕಳೆದರೂ ಹೆಚ್ಚುಕಡಿಮೆ ಹಾಗೆಯೇ ಹೊರಬಂದವು.