ಕೊನೇ ಪ್ಲೇಟು

ನಮ್ಮೂರ ಹಿಂದಿನ ಗುಡ್ಡಕ್ಕೆ ಕ್ವಾರಿಯವರು ಬಂದು ಮೂರು ವರ್ಷವಾಯ್ತು. ಪ್ರತಿ ಸಲ ಬಸ್ಸಿಳಿದಾಗ ಎಡಗಡೆ ಒಂದು ತುಂಡು ಕಮ್ಮಿ. ಪೂರ್ತಿ ಹೋಗೋ ಮೊದಲು ಅದನ್ನ ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದಿಡಬೇಕು ಅನ್ನೋದು ನನ್ನ ಹಟ. ಫೋನಲ್ಲಿ ನೂರಾರು ಫೋಟೋ ಇವೆ, ಒಂದರಲ್ಲೂ ಗುಡ್ಡದ ತೂಕ ಇಲ್ಲ. ಸರಿ, ಕ್ಯಾಮೆರಾ ಯಾವುದು? ಕೇಳಿದವರೆಲ್ಲ ಒಂದೊಂದು ಹೆಸರು ಹೇಳಿದರು. ಕೊನೆಗೆ ಹಳೇ ಕಥೆ ಓದೋಕೆ ಕೂತೆ: ಆನ್ಸೆಲ್ ಆಡಮ್ಸ್ ಏನನ್ನ ಹೊತ್ತು ತಿರುಗ್ತಿದ್ದ, ಯಾಕೆ?

1927ರ ಏಪ್ರಿಲ್ 10, ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆ. 25 ವರ್ಷದ ಆಡಮ್ಸ್ ಗೆಳೆಯರ ಜೊತೆ ಹಿಮ ತುಳಿಯುತ್ತಾ ಬೆಟ್ಟ ಹತ್ತಿದ. ಬೆನ್ನ ಮೇಲೆ ಆರೂವರೆ-ಎಂಟೂವರೆ ಇಂಚಿನ ಗಾಜಿನ ಪ್ಲೇಟು ಹಾಕುವ ಕೊರೋನಾ ಕ್ಯಾಮೆರಾ (ಹೆಸರೇ ಹಾಗೆ, ಏನ್ಮಾಡೋದು), ಜೊತೆಗೆ 12 ಪ್ಲೇಟು. ಹಾಫ್ ಡೋಮ್ ಬಂಡೆಯ ಎದುರು ನಿಲ್ಲೋ ಹೊತ್ತಿಗೆ ಎರಡೇ ಉಳಿದಿದ್ದವು. ಹಳದಿ ಫಿಲ್ಟರ್ ಹಾಕಿ ಒಂದು ತೆಗೆದ. ಆಮೇಲೆ ಹೊಳೀತು: ಆಕಾಶ ಬೂದು ಬಣ್ಣಕ್ಕೆ ಬರುತ್ತೆ, ಬಂಡೆಯ ಮುಂದೆ ನಿಂತಾಗ ಆದ ಅನುಭವ ಬರಲ್ಲ. ಕಡುಗೆಂಪು ಫಿಲ್ಟರ್ ಹಾಕಿ, ಐದು ಸೆಕೆಂಡ್ ತೆರೆದಿಟ್ಟು, ಕೊನೇ ಪ್ಲೇಟನ್ನ ಖರ್ಚು ಮಾಡಿದ. ಕೆಂಪು ಗಾಜು ಆಕಾಶದ ನೀಲಿಯನ್ನ ತಡೆಯುತ್ತೆ. ಪ್ರಿಂಟಿನಲ್ಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಗಿ, ಬಂಡೆ ಎದ್ದು ನಿಲ್ಲುತ್ತೆ. 'ಮೋನೋಲಿತ್' ಅಂತ ಇವತ್ತು ನಾವು ನೋಡೋದು ಆ ಪ್ಲೇಟನ್ನೇ.

ದೊಡ್ಡ ನೆಗೆಟಿವ್‌ನಲ್ಲಿ ವಿವರ ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ನಿಜವೇ. 4×5 ಇಂಚಿನ ಹಾಳೆ 35 ಎಂಎಂ ಫ್ರೇಮಿನ ಸುಮಾರು 15 ಪಟ್ಟು. ಆದ್ರೆ ನನಗೆ ಹಿಡಿಸಿದ್ದು ಬೇರೆ ಲೆಕ್ಕ. ಪ್ಲೇಟಾಗಲಿ ಹಾಳೆಯಾಗಲಿ, ಒಂದೊಂದನ್ನೂ ಬೇರೆಬೇರೆಯಾಗಿ ತೊಳೆಯಬಹುದು. ನೆರಳಿನ ವಿವರ ಸಿಗೋದು ಎಕ್ಸ್‌ಪೋಷರ್‌ನಿಂದ. ಬಿಸಿಲಿನ ಭಾಗ ಎಷ್ಟು ಬೆಳ್ಳಗಾಗಬೇಕು ಅನ್ನೋದು ಡೆವಲಪರ್‌ನಲ್ಲಿ ಎಷ್ಟು ಹೊತ್ತು ಇಟ್ಟಿರಿ ಅನ್ನೋದರ ಮೇಲೆ. ಸುಡುಬಿಸಿಲಿನ ಹಾಳೆಗೆ ಕಮ್ಮಿ ಹೊತ್ತು, ಮೋಡದ ದಿನದ್ದಕ್ಕೆ ಜಾಸ್ತಿ. 1940ರ ಹೊತ್ತಿಗೆ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಇದನ್ನೇ 'ಝೋನ್ ಸಿಸ್ಟಮ್' ಅಂತ ಕ್ರಮಕ್ಕೆ ತಂದರು.

35 ಎಂಎಂ ರೀಲಿನಲ್ಲಿ ಇದಾಗಲ್ಲ. ನಮ್ಮನೇಲಿ ಒಂದು ರೀಲು ಅಂದ್ರೆ ಯುಗಾದಿ, ಊರಹಬ್ಬ, ಚಿಕ್ಕಪ್ಪನ ಮದುವೆ ಎಲ್ಲ ಒಂದರಲ್ಲೇ. 36 ಮುಗಿಯೋವರೆಗೂ ಸ್ಟುಡಿಯೋಗೆ ಹೋಗೋ ಹಾಗಿಲ್ಲ. ಎಲ್ಲವೂ ಒಟ್ಟಿಗೆ, ಒಂದೇ ಹೊತ್ತು ಬೇಯಬೇಕು. ನಮ್ಮ ಆಫೀಸಿನ ಭಾಷೆಯಲ್ಲಿ ಬ್ಯಾಚ್ ಪ್ರೊಸೆಸಿಂಗ್.

ಹಾಗಂತ ಹಾಳೆ ಕ್ಯಾಮೆರಾದ ಪಾಡು ಸುಲಭದ್ದಲ್ಲ. 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಊರಿನ ಮೇಲೆ ಚಂದ್ರ ಕಂಡಾಗ ಆಡಮ್ಸ್‌ಗೆ ಲೈಟ್ ಮೀಟರೇ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಅನ್ನೋದು ನೆನಪಿತ್ತು, ಅದರಿಂದ ಲೆಕ್ಕ ಹಾಕಿ 8×10 ಹಾಳೆಯೊಂದನ್ನ ತೆಗೆದ. ಇನ್ನೊಂದಕ್ಕೆ ಹೋಲ್ಡರ್ ತಿರುಗಿಸೋಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು.

ಮುಂದೆ ಅವನೇ ಹ್ಯಾಸೆಲ್‌ಬ್ಲಾಡ್ ಹಿಡಿದ. ಅದೂ ರೀಲೇ, ಆದ್ರೆ ಫಿಲ್ಮ್ ಕೂರೋ ಮ್ಯಾಗಜೀನನ್ನ ನಡುವೆಯೇ ಕಳಚಿ ಬೇರೆಯದು ಹಾಕಬಹುದು. ಬಿಸಿಲಿಗೊಂದು, ಮೋಡಕ್ಕೊಂದು. 1960ರಲ್ಲಿ ಅದೇ ಹಾಫ್ ಡೋಮ್ ಪಕ್ಕ ಚಂದ್ರನನ್ನ ತೆಗೆದದ್ದು ಇದರಲ್ಲೇ.

ಹ್ಯಾಸೆಲ್‌ಬ್ಲಾಡ್ ನನ್ನ ಇಎಂಐಗೆ ನಿಲುಕಲ್ಲ. ಹಳೇ ಮಮಿಯಾ ಆರ್‌ಬಿ67 ಒಂದನ್ನ ಎರಡು ಮ್ಯಾಗಜೀನ್ ಸಮೇತ ತಗೊಂಡೆ. ತೂಕ ಎರಡೂವರೆ ಕೆಜಿ ಮೇಲೆ. ವೀಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ, "ಇದೇನೋ, ರಾಗಿ ಬೀಸೋಕಾ?" ಅಂದ್ಲು. ಮ್ಯಾಗಜೀನ್‌ಗಳ ಮೇಲೆ 'ಬೆಳಿಗ್ಗೆ', 'ಮಧ್ಯಾಹ್ನ' ಅಂತ ಟೇಪ್ ಅಂಟಿಸಿ ಬರೆದಿದ್ದೀನಿ. ಈ ಶನಿವಾರ ರಾತ್ರಿ ಬಸ್ಸು. ಭಾನುವಾರ ಕ್ವಾರಿಯಲ್ಲಿ ಮದ್ದು ಸಿಡಿಸಲ್ಲ, ಧೂಳಿರಲ್ಲ.