ಹಲಗೆಗೆ ಬಂದ ಪ್ರಮಾಣಪತ್ರ

ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತ ಕುರ್ಲಾದಲ್ಲಿ ಒಂದು ಖೋಲಿ ಕೊಂಡರೂ ಇಲಾಖೆಗೆ ತಿಳಿಸಬೇಕು. 1964ರ ನಡತೆ ನಿಯಮಗಳು ಹಾಗಿವೆ. ಚುನಾವಣೆಗೆ ನಿಂತವರಿಗೆ ಮಾತ್ರ ಆಸ್ತಿ, ಸಾಲಗಳನ್ನು ಮತದಾರನ ಮುಂದಿಡುವ ಕಟ್ಟುಪಾಡು 2002ರವರೆಗೂ ಇರಲಿಲ್ಲ.

ಇದರ ಬೀಜ 1975ರದು. ಇಂದಿರಾ ಗಾಂಧಿಯವರ ಆಯ್ಕೆಯನ್ನು ಪ್ರಶ್ನಿಸಿದ್ದ ರಾಜನಾರಾಯಣರು, ಪ್ರಧಾನಿಯ ಪ್ರವಾಸದ ರಕ್ಷಣಾ ನಿಯಮಗಳಿದ್ದ ‘ನೀಲಿ ಪುಸ್ತಕ’ವನ್ನು ಕೋರ್ಟಿಗೆ ತರಿಸಬೇಕೆಂದರು. ಸರಕಾರ ಒಪ್ಪಲಿಲ್ಲ. ಸರಕಾರದ ಕೆಲಸಗಳನ್ನು ತಿಳಿಯುವ ಹಕ್ಕು ಜನರಿಗಿದೆಯೆಂದು ನ್ಯಾಯಮೂರ್ತಿ ಮ್ಯಾಥ್ಯೂ ಬರೆದದ್ದು ಆ ಮೊಕದ್ದಮೆಯಲ್ಲೇ.

1999ರಲ್ಲಿ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಅಭ್ಯರ್ಥಿಗಳ ವಿವರ ಬೇಕೆಂದು ದೆಹಲಿ ಹೈಕೋರ್ಟಿಗೆ ಹೋದರು. 2002ರ ಮೇ 2ರಂದು ಸುಪ್ರೀಂ ಕೋರ್ಟು ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲವನ್ನೂ ಪ್ರಮಾಣ ಮಾಡಿ ಹೇಳಿಸಲು ಆಯೋಗಕ್ಕೆ ಆದೇಶಿಸಿತು. ಆಗ ನೋಡಿ, ಎಂದೂ ಒಂದಾಗದ ಪಕ್ಷಗಳು ಒಂದಾದವು! ನ್ಯಾಯಾಲಯದ ಆಜ್ಞೆ ಏನೇ ಇರಲಿ, ಕಾಯಿದೆಯಲ್ಲಿರುವುದಕ್ಕಿಂತ ಹೆಚ್ಚು ಹೇಳಬೇಕಿಲ್ಲವೆಂದು 33-ಬಿ ಕಲಮು ಬಂತು. 2003ರ ಮಾರ್ಚ್ 13ರಂದು ಕೋರ್ಟು ಅದನ್ನು ತಳ್ಳಿಹಾಕಿತು.

ಈಗ ಈ ಪ್ರಮಾಣಪತ್ರವನ್ನು ಚುನಾವಣಾಧಿಕಾರಿಯ ಕಚೇರಿಯ ಹಲಗೆಗೆ ಅಂಟಿಸುತ್ತಾರೆ. ನಮ್ಮ ಕಡೆ ಹೆಚ್ಚಾಗಿ ಮರಾಠಿಯಲ್ಲಿರುತ್ತದೆ, ಮಕ್ಕಳಿಂದ ಓದಿಸಿಕೊಳ್ಳಬಹುದು. ಅದರ ಸತ್ಯಾಸತ್ಯವನ್ನು ಅಧಿಕಾರಿ ವಿಚಾರಿಸುವುದಿಲ್ಲ. ಸುಳ್ಳೆಂದು ಬಲ್ಲವರು ಎದುರು ಪ್ರಮಾಣಪತ್ರ ಕೊಟ್ಟರೆ ಅದನ್ನೂ ಪಕ್ಕದಲ್ಲೇ ಅಂಟಿಸಬೇಕು.